ಗಡಿನಾಡಿನಲ್ಲಿ ಕೂತು ಸಿನಿಮಾ ಬರಹಗಾರರಾಗುವುದು ಹೇಗೆ?

ಬದಿಯಡ್ಕದಿಂದ ಬಸ್ಸು ಹತ್ತಿ ಕಾಸರಗೋಡು ಪೇಟೆಗೆ ಹೋದರೆ ಹೊಸ ಮಲಯಾಳಂ ಸಿನಿಮಾ ಸಿಗುತ್ತದೆ. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋದರೆ ಕನ್ನಡವೂ ತುಳುವೂ ಸಿಗುತ್ತದೆ. ಸಂಜೆ ಮನೆಯಲ್ಲಿ ಅಮ್ಮ ಕನ್ನಡ ಧಾರಾವಾಹಿ ಹಾಕಿರುತ್ತಾರೆ. ಪಕ್ಕದ ಮನೆಯಿಂದ ಮಲಯಾಳಂ ಧಾರಾವಾಹಿಯ ಅಳು ಕೇಳುತ್ತಿರುತ್ತದೆ. ದೇವಸ್ಥಾನದ ವಠಾರದಲ್ಲಿ ಯಕ್ಷಗಾನದ ಆಟ ಇದ್ದರೆ ರಾತ್ರಿ ಚೆಂಡೆ ಸದ್ದು ಗದ್ದೆ ದಾಟಿ ಬರುತ್ತದೆ. ಇದೆಲ್ಲ ಒಂದೇ ವಾರದಲ್ಲಿ, ಒಂದೇ ಊರಿನಲ್ಲಿ.

ಈ ಕಡೆಯ ಹುಡುಗ ಹುಡುಗಿಯರು ನನ್ನಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಒಂದಿದೆ. "ಸಿನಿಮಾ, ಟಿವಿ ಬಗ್ಗೆ ಬರೆಯಬೇಕು ಅಂತ ಆಸೆ ಉಂಟು. ಅದಕ್ಕೆ ಬೆಂಗಳೂರಿಗೇ ಹೋಗಬೇಕಾ?" ಬೇಡ. ಹೋದರೆ ತಪ್ಪೇನಿಲ್ಲ. ಆದರೆ ಸಿನಿಮಾ ಬರಹಕ್ಕೆ ಬೇಕಾದ ಎರಡು ಮೂರು ಭಾಷೆಯ ಕಿವಿ ನಮಗೆ ಹುಟ್ಟಿನಿಂದಲೇ ಬಂದಿದೆ. ಅದನ್ನು ಕೆಲಸಕ್ಕೆ ಹಚ್ಚುವುದು ಹೇಗೆ ಎಂದು ನಾನು ಪುರವಣಿಗಳಿಗೆ ಬರೆಯುತ್ತಾ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಜಾಗ ಗುರುತಿಸಿಕೊಳ್ಳಿ

ಒಂದು ದೊಡ್ಡ ಸಿನಿಮಾ ಬಿಡುಗಡೆಯಾದ ದಿನ ಸಂಜೆಯೊಳಗೆ ನೂರಾರು ವಿಮರ್ಶೆ ಬಂದಿರುತ್ತವೆ. ನೂರಾ ಒಂದನೆಯದನ್ನು ನೀವು ಬರೆದರೆ ಯಾರು ಓದಬೇಕು? ನಿಮಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ್ದು ಏನಿದೆ ಎಂದು ಕೇಳಿಕೊಳ್ಳಿ. ಶುರು ಮಾಡುವ ಜಾಗ ಅದು.

2022ರಲ್ಲಿ 'ಕಾಂತಾರ' ಬಂದಾಗ ದೇಶದ ಎಲ್ಲ ಕಡೆ ಭೂತಕೋಲದ ಮಾತಾಯಿತು. ನಮ್ಮ ಕಾಸರಗೋಡು ಜಿಲ್ಲೆಯ ಉತ್ತರದಲ್ಲಿ ಕೋಲ ಇದೆ, ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದ ಹಾಗೆ ಕೋಲದಂಥದೇ ದೈವಾರಾಧನೆಯಾದ ತೆಯ್ಯಂ ಜಾಸ್ತಿಯಾಗುತ್ತದೆ. ದೈವದ ಕಥೆ ಹೇಳುವ ಹಾಡು ಇಲ್ಲಿ ತುಳುವಿನಲ್ಲಿ ಪಾಡ್ದನ, ಅಲ್ಲಿ ಮಲಯಾಳದಲ್ಲಿ ತೋಟ್ಟಂ ಪಾಟ್ಟು. ಎರಡನ್ನೂ ಅಂಗಳದಲ್ಲಿ ನಿಂತು ನೋಡಿ ಬೆಳೆದವರು ನಾವು. ತೆರೆಯ ಮೇಲೆ ದೈವದ ನಡೆ, ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ನುಡಿ ಹೇಗಿದೆ ಎಂದು ಹೇಳುವ ಲೇಖನವನ್ನು ಬೇರೆ ಊರಿನವರು ಪುಸ್ತಕ ಓದಿ ಬರೆಯಬೇಕಾಗುತ್ತದೆ. ನಿಮಗೆ ನೆನಪಿದ್ದರೆ ಸಾಕು.

ಇನ್ನೊಂದು ಉದಾಹರಣೆ. 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿ ಬಂತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟರು ಬರುವುದು ಅದರ ಕಥೆಯ ಒಂದು ಎಳೆ. ಉಳಿದ ಕಡೆ ಪ್ರೇಕ್ಷಕರು ನಕ್ಕ ಜಾಗದಲ್ಲಿ ನಮ್ಮೂರಿನವರಿಗೆ ಗಂಟಲು ಕಟ್ಟಿತು. ಏಕೆಂದರೆ ಅಂಥ ತರಗತಿಯಲ್ಲಿ ಕೂತ ಮಕ್ಕಳು ನಮ್ಮ ಮನೆಯಲ್ಲೇ ಇದ್ದಾರೆ. ಆ ನಗುವಿಗೂ ಈ ಗಂಟಲಿಗೂ ನಡುವಿನ ಅಂತರದ ಬಗ್ಗೆಯೇ ಒಂದು ಲೇಖನ ಬರೆಯಬಹುದು.

ಮಲಯಾಳದ ಕಡೆಯಿಂದಲೂ ನೋಡಿ. 2017ರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಚಿತ್ರದಲ್ಲಿ ದಕ್ಷಿಣದ ಜಿಲ್ಲೆಯ ದಂಪತಿ ಕಾಸರಗೋಡಿನ ಒಣ ನೆಲಕ್ಕೆ ಬಂದು ಬದುಕು ಕಟ್ಟಲು ನೋಡುತ್ತಾರೆ. ತಿರುವನಂತಪುರದ ಪ್ರೇಕ್ಷಕರಿಗೆ ಅದು ಎಲ್ಲೋ ದೂರದ, ನೀರಿಲ್ಲದ ಊರು. ನಮಗೆ ಅದು ಮನೆಯ ಹಿತ್ತಿಲು. ನಮ್ಮ ಊರನ್ನು ಅವರು ಹೇಗೆ ನೋಡಿದ್ದಾರೆ, ಯಾವುದನ್ನು ಸರಿಯಾಗಿ ಹಿಡಿದಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ? ಕನ್ನಡದ ಓದುಗರಿಗೆ ಇದನ್ನು ಹೇಳಬಲ್ಲವರು ಎಷ್ಟು ಜನ ಇದ್ದಾರೆ ಹೇಳಿ.

ಒಂದು ಹಾಳೆ ತೆಗೆದುಕೊಂಡು ನಿಮಗೆ ಚೆನ್ನಾಗಿ ಗೊತ್ತಿರುವ ಹತ್ತು ಸಂಗತಿ ಬರೆಯಿರಿ. ಹವ್ಯಕರ ಮನೆಯ ಮಾತು, ಬ್ಯಾರಿ ಮದುವೆಯ ಹಾಡು, ಕಡಪ್ಪುರದ (ಕಡಲ ಬದಿಯ) ಮೀನು ವ್ಯಾಪಾರ, ಅಡಿಕೆ ತೋಟದ ಲೆಕ್ಕ, ಶಾಲಾ ಕಲೋತ್ಸವದ ಪೈಪೋಟಿ, ಏನು ಬೇಕಾದರೂ ಇರಲಿ. ಇವು ತೆರೆಯ ಮೇಲೆ ಬಂದಾಗಲೆಲ್ಲ ಬರೆಯುವ ಹಕ್ಕು ನಿಮಗೆ ಮೊದಲು.

ನೋಡುವುದನ್ನು ಅಜ್ಜಂದಿರಿಂದ ಕಲಿಯಿರಿ

ವಿಮರ್ಶೆ ಎಂದರೆ ಪೇಟೆಯವರ ಕೆಲಸ ಎಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವುದು ನಮ್ಮಲ್ಲಿ. ಆಟ ನೋಡಿ ಬಂದ ಅಜ್ಜಂದಿರು ಮರುದಿನ ಚಹಾದ ಅಂಗಡಿಯಲ್ಲಿ ಏನು ಮಾತಾಡುತ್ತಿದ್ದರು, ನೆನಪಿಸಿಕೊಳ್ಳಿ. "ಕರ್ಣನ ಅರ್ಥ (ಮಾತುಗಾರಿಕೆ) ಚಂದ ಆಯಿತು, ಆದರೆ ಕೊನೆಗೆ ಕರ್ಣ ಹೋಗಿ ವಕೀಲ ಬಂದ." "ಭಾಗವತರು ಆ ಪದ (ಹಾಡು) ನಿಧಾನಕ್ಕೆ ಎತ್ತಿದ್ದಕ್ಕೆ ವೇಷಕ್ಕೆ ಜಾಗ ಸಿಕ್ಕಿತು." ಇದೇ ಪ್ರಸಂಗವನ್ನು ಹತ್ತು ವರ್ಷದ ಹಿಂದೆ ಬೇರೆ ಕಲಾವಿದರು ಹೇಗೆ ಮಾಡಿದ್ದರು ಎಂದು ಹೋಲಿಸುತ್ತಿದ್ದರು. ಯಾರೂ "ಸೂಪರ್" ಎಂದು ಹೇಳಿ ಎದ್ದು ಹೋಗುತ್ತಿರಲಿಲ್ಲ. ಯಾವ ಜಾಗ, ಯಾವ ಪದ, ಏನಾಯಿತು, ಏಕೆ ಎಂದು ಹೇಳುತ್ತಿದ್ದರು. ಸಿನಿಮಾ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಥಿಯೇಟರಿಗೆ ಹೋಗುವಾಗ ಸಣ್ಣ ಪುಸ್ತಕ, ಪೆನ್ನು ಇಟ್ಟುಕೊಳ್ಳಿ. ಫೋನಿನ ಬೆಳಕು ಪಕ್ಕದವರಿಗೆ ತೊಂದರೆ. ಕತ್ತಲೆಯಲ್ಲಿ ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ. ಕಥೆ ಬರೆದುಕೊಳ್ಳಬೇಡಿ, ಅದು ಹೇಗೂ ನೆನಪಿರುತ್ತದೆ. ಮರೆತುಹೋಗುವುದನ್ನು ಬರೆದುಕೊಳ್ಳಿ: ಯಾವ ದೃಶ್ಯದಲ್ಲಿ ಸಂಗೀತ ನಿಂತಿತು, ಕ್ಯಾಮೆರಾ ಯಾರ ಮುಖದ ಮೇಲೆ ಉಳಿಯಿತು, ಜನ ಎಲ್ಲಿ ನಕ್ಕರು, ಎಲ್ಲಿ ಫೋನ್ ತೆಗೆದರು. ಕೊನೆಯ ಹೆಸರುಗಳು ಮುಗಿಯುವ ತನಕ ಏಳಬೇಡಿ. ಸಂಕಲನ, ಧ್ವನಿ ವಿನ್ಯಾಸ, ಕಲಾ ನಿರ್ದೇಶನ ಮಾಡಿದವರ ಹೆಸರು ಅಲ್ಲೇ ಇರುವುದು.

ಮನೆಗೆ ಬಂದ ಮೇಲೆ ಒಂದೇ ಒಂದು ದೃಶ್ಯವನ್ನು 150 ಪದಗಳಲ್ಲಿ ಬರೆಯಿರಿ. ನಿಯಮ ಇಷ್ಟೇ: ಹೊಗಳುವ, ತೆಗಳುವ ಪದ ಒಂದೂ ಇರಬಾರದು. "ನೈಜ ಅಭಿನಯ", "ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ", "ಛಾಯಾಗ್ರಹಣ ಕಣ್ಣಿಗೆ ಹಬ್ಬ", "ಹಾಡುಗಳು ಕೇಳುವಂತಿವೆ", "ಒಮ್ಮೆ ನೋಡಬಹುದು" ಇವೆಲ್ಲ ಸವೆದು ಹೋದ ನಾಣ್ಯಗಳು. ಕೈಯಲ್ಲಿ ಹಿಡಿದರೆ ಮುಖ ಯಾವುದು, ಸಂಖ್ಯೆ ಯಾವುದು ಗೊತ್ತಾಗುವುದಿಲ್ಲ.

"ನಾಯಕಿ ಅದ್ಭುತವಾಗಿ ನಟಿಸಿದ್ದಾರೆ" ಎಂದು ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಅದನ್ನು ಹೊಡೆದು ಹಾಕಿ ಹೀಗೆ ಬರೆಯಿರಿ: "ಗಂಡನ ಸಾವಿನ ಸುದ್ದಿ ಬಂದಾಗ ಅವಳು ಅಳುವುದಿಲ್ಲ. ಒಲೆಯ ಮೇಲಿದ್ದ ಹಾಲನ್ನು ಇಳಿಸಿ, ಮುಚ್ಚಳ ಹುಡುಕುತ್ತಾಳೆ. ಮುಚ್ಚಳ ಅವಳ ಕೈಯಲ್ಲೇ ಇರುತ್ತದೆ." ಇಷ್ಟು ಹೇಳಿದರೆ ನಟನೆ ಹೇಗಿತ್ತು ಎಂದು ಓದುಗರೇ ತಿಳಿದುಕೊಳ್ಳುತ್ತಾರೆ. ವಾರಕ್ಕೆ ಎರಡರಂತೆ ಮೂರು ತಿಂಗಳು ಹೀಗೆ ಬರೆಯಿರಿ. ಯಾರಿಗೂ ಕಳಿಸುವುದು ಬೇಡ.

ಜೊತೆಗೆ ನೋಡುವ ಹಸಿವು ಬೆಳೆಸಿಕೊಳ್ಳಿ. ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ನಡೆಯುವ ಕೇರಳ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ವಿದ್ಯಾರ್ಥಿಗಳೂ ಪ್ರತಿನಿಧಿಗಳಾಗಿ ಹೋಗಬಹುದು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಒಂದು ವಾರದಲ್ಲಿ ಇಪ್ಪತ್ತು ದೇಶದ ಸಿನಿಮಾ ನೋಡಿದರೆ ಕಣ್ಣು ಬದಲಾಗುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸುವ ಸಿನಿಮಾ ರಸಗ್ರಹಣ ಕೋರ್ಸುಗಳನ್ನೂ ಗಮನಿಸುತ್ತಿರಿ. ಕನ್ನಡದಲ್ಲಿ ಹಳ್ಳಿಯ ಜನರಿಗೆ ಜಗತ್ತಿನ ಸಿನಿಮಾ ತೋರಿಸಿದ ಕೆಲಸ ಹೆಗ್ಗೋಡಿನ ನೀನಾಸಂನಲ್ಲಿ ಆಯಿತು. ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಅದನ್ನು ಮಾಡಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮದೂ ಅಡಿಕೆಯ ಊರೇ ಅಲ್ವಾ?

ಹೆಸರು, ಪದ, ಉಚ್ಚಾರ ತಪ್ಪಬೇಡಿ

ಇದು ಗಡಿನಾಡಿನವರ ನಿಜವಾದ ಬಂಡವಾಳ. ಮಲಯಾಳಂ ಹೆಸರುಗಳು ಕನ್ನಡ ಪತ್ರಿಕೆಗಳಿಗೆ ಇಂಗ್ಲಿಷಿನ ದಾರಿಯಲ್ಲಿ ಬರುತ್ತವೆ. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರ ಇತ್ತಲ್ಲ, ಆ ಜಾತಿಯ ಉಚ್ಚಾರ ಮಲಯಾಳದಲ್ಲಿ ಇನ್ನೂ ಬದುಕಿದೆ. ಇಂಗ್ಲಿಷಿನಲ್ಲಿ ಅದನ್ನು ಝಡ್, ಎಚ್ ಸೇರಿಸಿ ಬರೆಯುತ್ತಾರೆ. ಅದನ್ನು ನೋಡಿದ ಕನ್ನಡ ಡೆಸ್ಕಿನವರು "ಆಲಪ್ಪುಝ" ಎಂದು ಬರೆದುಬಿಡುತ್ತಾರೆ. 'ಝ'ಕ್ಕೂ ಆ ಉಚ್ಚಾರಕ್ಕೂ ಸಂಬಂಧವೇ ಇಲ್ಲ. ಆಲಪ್ಪುಳ ಎಂದು ಬರೆದರೆ ಎಷ್ಟೋ ಹತ್ತಿರ. ಇಂಥದನ್ನು ಸರಿಮಾಡಿ ಕೊಡುವ ಬರಹಗಾರರು ಸಿಕ್ಕಿದರೆ ಪುರವಣಿಯವರು ಬಿಡುವುದಿಲ್ಲ.

ಪದಗಳಲ್ಲೂ ಗುಂಡಿಗಳಿವೆ. ಮಲಯಾಳದ 'ಅವಸರಂ' ಎಂದರೆ ಅವಕಾಶ, ನಮ್ಮ ಅವಸರ ಅಲ್ಲ. 'ಸಂಸಾರಂ' ಎಂದರೆ ಮಾತುಕತೆ. 'ಉಪನ್ಯಾಸಂ' ಎಂದರೆ ಪ್ರಬಂಧ. ಮಲಯಾಳಂ ನಟರೊಬ್ಬರ ಸಂದರ್ಶನದಲ್ಲಿದ್ದ "ಅವಸರಂ ಕಿಟ್ಟಿ" ಎಂಬ ಮಾತು ಕನ್ನಡದಲ್ಲಿ "ಅವಸರವಾಯಿತು" ಎಂದಾದದ್ದನ್ನು ನಾನೇ ಓದಿದ್ದೇನೆ. ಅವರು ಹೇಳಿದ್ದು ಅವಕಾಶ ಸಿಕ್ಕಿತು ಎಂದು.

ನಾನೂ ತಪ್ಪು ಮಾಡಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ಚಿತ್ರದ ಸಂಕಲನಕಾರರ ಹೆಸರನ್ನು ನೆನಪಿನಿಂದ ಬರೆದೆ. ಅದು ಬೇರೆಯವರ ಹೆಸರಾಗಿತ್ತು. ಕೆಲಸ ಮಾಡಿದವರೇ ಫೋನ್ ಮಾಡಿ, ಸಿಟ್ಟು ಮಾಡದೆ, "ಅದು ನನ್ನ ಮೊದಲ ಸಿನಿಮಾ ಆಗಿತ್ತು" ಎಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಪ್ರತಿ ಹೆಸರನ್ನೂ ಚಿತ್ರದಲ್ಲಿ ಬರುವ ಹೆಸರುಪಟ್ಟಿಯಲ್ಲಿ ಅಥವಾ ಅಧಿಕೃತ ಪೋಸ್ಟರಿನಲ್ಲಿ ನೋಡಿಯೇ ಬರೆಯುತ್ತೇನೆ. ಚಿತ್ರದ ಅವಧಿ, ಸೆನ್ಸಾರ್ ಪ್ರಮಾಣಪತ್ರ ಶುರುವಿನಲ್ಲೇ ತೆರೆಯ ಮೇಲೆ ಬರುತ್ತದೆ. ಅದನ್ನೂ ಬರೆದುಕೊಳ್ಳಿ. 2024ರಿಂದ ಯುಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರ) ಒಳಗೇ 7, 13, 16 ವರ್ಷ ಎಂಬ ಮೂರು ವಿಭಾಗ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಈ ಒಂದು ಸಾಲು ಬೇಕೇ ಬೇಕು.

ವಿಮರ್ಶೆ ಒಂದೇ ಅಲ್ಲ

ಬರೀ ವಿಮರ್ಶೆ ಬರೆದು ಬದುಕುವವರು ತುಂಬ ಕಡಿಮೆ. ಸಂದರ್ಶನ, ವ್ಯಕ್ತಿಚಿತ್ರ, ಹಳೆಯ ಸಿನಿಮಾದ ನೆನಪು, ಈ ವಾರ ಒಟಿಟಿಯಲ್ಲಿ ಏನು ನೋಡಬಹುದು ಎಂಬ ಪಟ್ಟಿ, ಇವೆಲ್ಲವಕ್ಕೂ ಪುರವಣಿಯಲ್ಲಿ ಜಾಗ ಇದೆ. ಮಲಯಾಳಂ ಚಿತ್ರರಂಗದ ಸುದ್ದಿಯನ್ನು ಕನ್ನಡಕ್ಕೆ ವಿವರಿಸುವವರಿಗೆ ಯಾವತ್ತೂ ಕೆಲಸ ಇದೆ. ಚಿತ್ರರಂಗದ ಮಹಿಳೆಯರ ಸ್ಥಿತಿಯ ಬಗ್ಗೆ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಅದರ ಹಿಂದಿನ ಕಥೆ ಗೊತ್ತಿದ್ದು ಮಲಯಾಳಂ ಚರ್ಚೆಗಳನ್ನು ನೇರವಾಗಿ ಕೇಳಬಲ್ಲ ಕನ್ನಡ ಬರಹಗಾರರು ಬೇಕಾಗಿದ್ದರು.

ಧಾರಾವಾಹಿಯನ್ನು ಕೀಳಾಗಿ ನೋಡಬೇಡಿ. ನಮ್ಮ ಮನೆಗಳಲ್ಲಿ ಜಾಸ್ತಿ ಹೊತ್ತು ನೋಡುವುದು ಅದನ್ನೇ. ಗುರುವಾರ ಬಾರ್ಕ್ ಸಂಸ್ಥೆಯ ಟಿಆರ್‌ಪಿ (ಎಷ್ಟು ಜನ ನೋಡಿದರು ಎಂಬ ಲೆಕ್ಕ) ಬರುತ್ತದೆ, ಅದರ ಮೇಲೆ ಕಥೆಯೇ ತಿರುಗುತ್ತದೆ. ಒಂದು ಧಾರಾವಾಹಿಯನ್ನು ಎರಡು ವಾರ ಬಿಡದೆ ನೋಡಿ. ಅತ್ತೆ ಸೊಸೆ ಜಗಳ ಯಾವ ಕಾರಣಕ್ಕೆ ಶುರುವಾಗುತ್ತದೆ, ದುಡ್ಡಿನ ಮಾತು ಎಷ್ಟು ಸಲ ಬರುತ್ತದೆ, ಶುಕ್ರವಾರದ ಸಂಚಿಕೆ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿ. ಜೊತೆಗೆ ಕೂತು ನೋಡುವ ಅಮ್ಮ, ಚಿಕ್ಕಮ್ಮ, ಅಕ್ಕಂದಿರ ಮಾತು ಕೇಳಿ. ಆ ಪಾತ್ರ ಏಕೆ ಇಷ್ಟ ಎಂದು ಅವರು ಹೇಳುವ ಕಾರಣ ಎಷ್ಟೋ ಸಲ ಧಾರಾವಾಹಿಗಿಂತ ದೊಡ್ಡದಾಗಿರುತ್ತದೆ.

ಇನ್ನು ಅನುವಾದ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು. ಈಗ ಮಲಯಾಳಂ ಚಿತ್ರಗಳು ಕನ್ನಡ ಮಾತಿನಲ್ಲಿ ಬರುತ್ತಿವೆ. ಅವಕ್ಕೆ ಸಂಭಾಷಣೆ ಬರೆಯುವವರು, ಸಬ್‌ಟೈಟಲ್ ಮಾಡುವವರು ಬೇಕು. ಸಬ್‌ಟೈಟಲ್ ಎಂದರೆ ತೆರೆಯ ಮೇಲೆ ಎರಡೇ ಸಾಲು, ಕೆಲವೇ ಸೆಕೆಂಡು. ಉದ್ದ ಮಾತನ್ನು ಅರ್ಥ ಕೆಡದೆ ಮೊಟಕು ಮಾಡಬೇಕು. ನಿಮಗೆ ಇಷ್ಟವಾದ ಮಲಯಾಳಂ ಚಿತ್ರದ ಹತ್ತು ನಿಮಿಷ ಆರಿಸಿ, ಮನೆಯಲ್ಲೇ ಅಭ್ಯಾಸಕ್ಕೆಂದು ಮಾಡಿ ನೋಡಿ. ಕನ್ನಡ ವಾಕ್ಯವನ್ನು ಬಿಗಿ ಮಾಡಲು ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

ಸಂಪಾದಕರಿಗೆ ಮೇಲ್ ಮಾಡುವಾಗ

ಲೇಖನ ಬರೆದು ಸುಮ್ನೆ ಕಳಿಸಬೇಡಿ. ಮೊದಲು ಪುರವಣಿಯನ್ನು ಎರಡು ತಿಂಗಳು ಓದಿ, ಯಾವ ಅಂಕಣಕ್ಕೆ ಎಷ್ಟು ಪದ ಎಂದು ಎಣಿಸಿ. ಆಮೇಲೆ ಸಣ್ಣ ಪ್ರಸ್ತಾವ ಕಳಿಸಿ. ಹೀಗಿರಲಿ:

"ನಮಸ್ಕಾರ ಸರ್. ನಾನು ಪೆರ್ಲದವಳು, ಎಂ.ಎ. ಕನ್ನಡ ಓದುತ್ತಿದ್ದೇನೆ. ನಮ್ಮ ಕಡೆ ಹಲವು ಯಕ್ಷಗಾನ ಮೇಳಗಳು ರಾತ್ರಿಯಿಡೀ ಆಡುವುದನ್ನು ಬಿಟ್ಟು ಕಾಲಮಿತಿಗೆ ಬಂದಿವೆ. ಮಧ್ಯರಾತ್ರಿಗೇ ಆಟ ಮುಗಿಯುವುದರಿಂದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ), ಪ್ರೇಕ್ಷಕರಲ್ಲಿ, ಪಕ್ಕದ ಅಂಗಡಿಗಳಲ್ಲಿ ಏನು ಬದಲಾಗಿದೆ ಎಂದು 600 ಪದಗಳಲ್ಲಿ ಬರೆಯಬಲ್ಲೆ. ಇಬ್ಬರು ಕಲಾವಿದರ ಮತ್ತು ಒಬ್ಬ ಚುರುಮುರಿ ಅಂಗಡಿಯವರ ಮಾತು ಇರುತ್ತದೆ. ಫೋಟೊ ನನ್ನದೇ. ಮುಂದಿನ ಬುಧವಾರ ಕೊಡಬಲ್ಲೆ."

ಇದರಲ್ಲಿ ಯಾರು, ಏನು, ಎಷ್ಟು, ಯಾವಾಗ ಎಲ್ಲ ಇದೆ. ಲೇಖನವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಒಂದು ವಾರ ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಿ. ಎರಡನೆಯ ವಾರವೂ ಇಲ್ಲದಿದ್ದರೆ ಬೇರೆ ಕಡೆಗೆ ಕಳಿಸುತ್ತೇನೆ ಎಂದು ತಿಳಿಸಿ, ಕಳಿಸಿ. ಒಂದೇ ಲೇಖನವನ್ನು ಒಟ್ಟಿಗೆ ನಾಲ್ಕು ಕಡೆ ಕಳಿಸಿದರೆ ಎರಡು ಕಡೆ ಅಚ್ಚಾಗಿ ಹೆಸರು ಕೆಡುತ್ತದೆ.

ದುಡ್ಡಿನ ವಿಷಯ

ಪ್ರಾಮಾಣಿಕವಾಗಿ ಹೇಳುತ್ತೇನೆ. ಮೊದಲ ಎರಡು ಮೂರು ವರ್ಷ ಇದರಿಂದ ಮನೆ ನಡೆಯುವುದಿಲ್ಲ. ಶಾಲೆಯ ಕೆಲಸ, ಬ್ಯಾಂಕಿನ ಕೆಲಸ, ತೋಟ, ಏನಿದೆಯೋ ಅದನ್ನು ಬಿಡಬೇಡಿ. ಸಿನಿಮಾ ಬರಹ, ಅನುವಾದ, ಸಬ್‌ಟೈಟಲ್, ವಿಡಿಯೊಗಳಿಗೆ ಸ್ಕ್ರಿಪ್ಟ್ ಇವೆಲ್ಲ ಸೇರಿ ತಿಂಗಳು ತಿಂಗಳೂ ದುಡ್ಡು ಬರಲು ಶುರುವಾದ ಮೇಲೆ ಯೋಚಿಸಿ.

ಸಂಭಾವನೆ ಎಷ್ಟು, ಯಾವಾಗ ಎಂದು ಬರೆಯುವ ಮೊದಲೇ ಕೇಳಿ, ಉತ್ತರ ಮೇಲ್‌ನಲ್ಲೇ ಇರಲಿ. ಒಂದು ನಿಯತಕಾಲಿಕ ನನ್ನ ಏಳು ಲೇಖನ ಹಾಕಿ ಒಂದು ರೂಪಾಯಿಯೂ ಕೊಡಲಿಲ್ಲ. ಕೇಳಲು ನನಗೆ ಸಂಕೋಚ, ಕೊಡಲು ಅವರಿಗೆ ಲಿಖಿತವಾಗಿ ಏನೂ ಇರಲಿಲ್ಲ. ಆ ಸಂಕೋಚ ನಿಮಗೆ ಬೇಡ. ಪ್ರತಿ ಲೇಖನಕ್ಕೂ ದಿನಾಂಕ, ಶೀರ್ಷಿಕೆ, ಮೊತ್ತ, ಪ್ಯಾನ್ ಸಂಖ್ಯೆ ಬರೆದ ಬಿಲ್ ಕಳಿಸಿ. ಒಂದೇ ಸಂಸ್ಥೆಯಿಂದ ವರ್ಷಕ್ಕೆ ಜಾಸ್ತಿ ಮೊತ್ತ ಬಂದರೆ ಕೊಡುವಾಗಲೇ ಶೇ 10 ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ನಿಮಗೆ ತೆರಿಗೆ ಬೀಳದಿದ್ದರೆ ರಿಟರ್ನ್ಸ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು. ಹೊಸಬರಲ್ಲಿ ತುಂಬ ಮಂದಿ ಈ ದುಡ್ಡನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ಬಸ್ಸು, ರೈಲು, ಟಿಕೆಟ್ ಖರ್ಚನ್ನೂ ಬರೆದಿಡಿ. ಮಂಗಳೂರಿಗೆ ಹೋಗಿ ಬಂದ ಖರ್ಚು ಸಂಭಾವನೆಗಿಂತ ಜಾಸ್ತಿ ಆಗುತ್ತಿದ್ದರೆ, ಆ ದಿನ ಒಂದೇ ಸಿನಿಮಾ ನೋಡಿ ಬರಬೇಡಿ. ಎರಡು ಸಿನಿಮಾ, ಒಂದು ಸಂದರ್ಶನ ಮಾಡಿಕೊಂಡು ಬನ್ನಿ.

ಕಾನೂನು, ನಂಬಿಕೆ

ವಿಮರ್ಶೆಗಾಗಿ ಸಂಭಾಷಣೆಯ ಒಂದೆರಡು ಸಾಲು ಉಲ್ಲೇಖಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಹಾಡು, ಇಡೀ ದೃಶ್ಯ ಎತ್ತಿ ಹಾಕಲು ಅಲ್ಲ. ಸಿನಿಮಾ ಕೆಟ್ಟದಾಗಿದೆ ಎಂದು ಬರೆಯಿರಿ, ಏಕೆ ಎಂದು ತೋರಿಸಿ. ಆದರೆ ನಟಿಯ ಮೈಬಣ್ಣ, ನಟನ ಕುಟುಂಬದ ಬಗ್ಗೆ ಬರೆಯಬೇಡಿ.

ಕೇರಳದಲ್ಲಿ ಇರುವ ನಾವು ಇನ್ನೊಂದು ತಿಳಿದಿರಬೇಕು. ದುಡ್ಡಿಗಾಗಿ ಕೆಟ್ಟ ವಿಮರ್ಶೆ ಹಾಕಿ ಸಿನಿಮಾ ಮುಳುಗಿಸುತ್ತಾರೆ ಎಂಬ ದೂರು 2023ರಲ್ಲಿ ಕೇರಳ ಹೈಕೋರ್ಟಿಗೆ ಹೋಯಿತು. ಆ ವರ್ಷವೇ ಕೊಚ್ಚಿ ಪೊಲೀಸರು ಕೆಲವು ವಿಮರ್ಶಕರ ಮೇಲೆ ಕೇಸು ಹಾಕಿದರು. ಕೋರ್ಟು ನೇಮಿಸಿದ ಅಮಿಕಸ್ ಕ್ಯೂರಿ (ಕೋರ್ಟಿಗೆ ನೆರವಾಗುವ ವಕೀಲರು), ಬಿಡುಗಡೆಯಾಗಿ 48 ಗಂಟೆ ವಿಡಿಯೊ ವಿಮರ್ಶೆ ಹಾಕಬಾರದು ಎಂದು 2024ರಲ್ಲಿ ಸಲಹೆ ಮಾಡಿದರು. ಆ ಸಲಹೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ನೀವು ಸಿನಿಮಾವನ್ನು ಪೂರ್ತಿ ನೋಡಿದ ಟಿಕೆಟ್, ನಿಮ್ಮ ಟಿಪ್ಪಣಿ ಪುಸ್ತಕ ಎರಡನ್ನೂ ಇಟ್ಟುಕೊಳ್ಳಿ. ಯಾರಾದರೂ ದುಡ್ಡು ಕೊಟ್ಟು ಬರೆಸಿದರೆ ಅದು ಜಾಹೀರಾತು ಎಂದು ಓದುಗರಿಗೆ ಕಾಣುವಂತೆ ಹೇಳಲೇಬೇಕು. ನಿರ್ಮಾಪಕರ ಪ್ರೆಸ್ ನೋಟನ್ನು ನಿಮ್ಮ ಹೆಸರಿನಲ್ಲಿ ಕೊಡಬೇಡಿ.

ಮೊದಲ ಲೇಖನ ಅಚ್ಚಾದ ದಿನ

ಪತ್ರಿಕೆ ತಂದು ಮನೆಯವರಿಗೆಲ್ಲ ತೋರಿಸಿ, ಖುಷಿ ಪಡಿ. ಸಂಜೆ ಎರಡನೆಯ ಪ್ರತಿ ತೆಗೆದುಕೊಂಡು ಪಕ್ಕದಲ್ಲಿ ನೀವು ಕಳಿಸಿದ ಮೂಲವನ್ನೂ ಇಡಿ. ಸಂಪಾದಕರು ಯಾವ ಸಾಲು ತೆಗೆದರು, ಯಾವ ಪದ ಬದಲಿಸಿದರು, ಯಾವ ಪ್ಯಾರಾ ಮೇಲೆ ತಂದರು ಎಂದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ನನ್ನ ಮೊದಲ ಲೇಖನದಲ್ಲಿ ಆರಂಭದ ಎರಡು ಪ್ಯಾರಾ ಪೂರ್ತಿ ಹೋಗಿತ್ತು. ಬೇಸರದಿಂದ ಓದಿದೆ, ಮೂರನೆಯ ಪ್ಯಾರಾದಿಂದಲೇ ಲೇಖನ ಶುರುವಾಗುತ್ತಿತ್ತು. ಆ ಹಾಳೆಯನ್ನು ಮಡಿಸಿ ಟಿಪ್ಪಣಿ ಪುಸ್ತಕದೊಳಗೆ ಇಡಿ. ಮುಂದಿನ ಲೇಖನ ಬರೆದು ಮುಗಿಸಿದ ಕೂಡಲೇ, ಕಳಿಸುವ ಮೊದಲು, ಅದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿ.